ಸರಿಯಾಗಿದೆ, ಒಯಿಜಾನ್

ಮೂರು ದಿನದಿಂದ ಮುಕರ್ರಂ ಒಂದೇ ಪದದ ಮುಂದೆ ಕೂತಿದ್ದಳು. ಪುಸ್ತಕದಲ್ಲಿ ಮೊದಲು ದಪ್ಪಕ್ಷರದಲ್ಲಿ ಪದ, ಅದರ ಕೆಳಗೆ ಅರ್ಥ, ಅದರ ಕೆಳಗೆ ಓರೆ ಅಕ್ಷರದಲ್ಲಿ ಒಂದು ಉದಾಹರಣೆ. ‘ಮ್ಯಾಗ್ನಾನಿಮಸ್: ತನ್ನೆದುರು ಸೋತವರ ವಿಷಯದಲ್ಲಿ ದೊಡ್ಡ ಮನಸ್ಸು ತೋರುವ. ಗೆದ್ದ ಸೇನಾಪತಿ ಸೋತ ರಾಜಕುಮಾರನ ಜೊತೆ ಮ್ಯಾಗ್ನಾನಿಮಸ್ ಆಗಿ ನಡೆದುಕೊಂಡನು.’ ಮರ್ಗಿಲಾನ್ ಪಟ್ಟಣದ ಅವಳ ಓಣಿಯಲ್ಲಿ ಸೇನಾಪತಿಗಳಿರಲಿಲ್ಲ. ಎಡಕ್ಕೆ ರೇಷ್ಮೆಗೆ ಬಣ್ಣ ಹಾಕುವವರ ಮನೆ, ಬಲಕ್ಕೆ ಟ್ಯಾಕ್ಸಿ ಓಡಿಸುವವನ ಮನೆ. ಬೆಳಿಗ್ಗೆ ಬಾಯಿಪಾಠ ಮಾಡಿದ ಪದ, ಮಧ್ಯಾಹ್ನ ಅವಳು ಶಾಲೆಯಿಂದ ಬರುವಷ್ಟರಲ್ಲಿ ಸೇನಾಪತಿಯನ್ನೂ ಕರೆದುಕೊಂಡು ಎಲ್ಲಿಗೋ ಹೊರಟುಹೋಗಿರುತ್ತಿತ್ತು.

ಇಪ್ಪತ್ತನಾಲ್ಕು ವರ್ಷದಿಂದ ಅದೇ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವಳು ಅವಳು. ಹತ್ತು ಮತ್ತು ಹನ್ನೊಂದನೇ ತರಗತಿ ಅವಳವು ಎನ್ನುವುದು ಆ ಶಾಲೆಯ ಗೋಡೆಗಳಿಗೂ ಗೊತ್ತಿತ್ತು. ಹಿಂದಿನ ವರ್ಷದ ಫೆಬ್ರವರಿಯಲ್ಲಿ ಮುಖ್ಯೋಪಾಧ್ಯಾಯಿನಿ ಹುರ್ರಿಯತ್ ಕರೆದು ಕೂರಿಸಿ ಹೇಳಿದ್ದರು: ಮುಂದಿನ ವರ್ಷದಿಂದ ದೊಡ್ಡ ತರಗತಿಗಳಿಗೆ ಪಾಠ ಮಾಡುವವರ ಹತ್ತಿರ ಮೇಲಿನ ಮಟ್ಟದ ಪ್ರಮಾಣಪತ್ರ ಇರಲೇಬೇಕು. ಮುಕರ್ರಂ ಎರಡು ಸಲ ಪರೀಕ್ಷೆಗೆ ಕೂತಿದ್ದಳು, ಎರಡು ಸಲವೂ ಪದಗಳ ಭಾಗದಲ್ಲೇ ಜಾರಿದ್ದಳು. ಜೂನ್‌ನದ್ದು ಮೂರನೆಯದು. ಆಗಸ್ಟಿನಲ್ಲಿ ವೇಳಾಪಟ್ಟಿ ಬರೆಯುತ್ತಾರೆ. ಅದರೊಳಗೆ ಆಗದಿದ್ದರೆ ಐದನೇ ತರಗತಿ. ಹನ್ನೊಂದು ವರ್ಷದ ಮಕ್ಕಳ ಮುಂದೆ ಪೆನ್ಸಿಲ್ ಎತ್ತಿ ಹಿಡಿದು ‘ಇದು ಪೆನ್ಸಿಲ್’ ಎನ್ನಬೇಕು.

‘ನನ್ನ ಲಾವಕ್ಕಿ ನೋಡು,’ ಎಂದ ಗಂಡ ತೋಹಿರ್. ಬಜಾರಿನಲ್ಲಿ ಬೀಗದ ಅಂಗಡಿ ಇಟ್ಟಿದ್ದ ಅವನಿಗೆ ಸಂಜೆಯಾದರೆ ಸೋರೆಬುರುಡೆಯ ಪಂಜರದಲ್ಲಿ ಸಾಕಿದ ಆ ಹಕ್ಕಿಯೇ ಲೋಕ. ‘ಅದಕ್ಕೆ ಬರೋದು ಒಂದೇ ಮಾತು. ಇಷ್ಟು ವರ್ಷದಿಂದ ಅದನ್ನೇ ಹೇಳ್ತಿದೆ. ಯಾರಾದ್ರೂ ಬಂದು ಪ್ರಮಾಣಪತ್ರ ತೋರಿಸು ಅಂದ್ರಾ?’

‘ಜಸುರನ ಅಪ್ಪ, ಸುಮ್ನೆ ಇರ್ತೀರಾ? ತಲೇಲಿ ನಿಂತಿದ್ದೂ ಓಡಿಹೋಗುತ್ತೆ.’

‘ನಿಂತಿತ್ತಾ? ಹಾಗಾದ್ರೆ ಸುಮ್ಮನಿರ್ತೀನಿ.’

ಫರ್ಗಾನಾದಲ್ಲಿ ನಡೆದ ತರಬೇತಿಯಲ್ಲಿ ಒಬ್ಬಳು ಚಿಕ್ಕ ವಯಸ್ಸಿನ ಹುಡುಗಿ ಶಿಕ್ಷಕಿಯರಿಗೆಲ್ಲ ಹೇಳಿಕೊಟ್ಟಿದ್ದಳು: ಪುಸ್ತಕದ ವಾಕ್ಯ ಬಿಟ್ಟುಬಿಡಿ, ನಿಮ್ಮ ಮನೆಯ ವಾಕ್ಯ ಬರೆಯಿರಿ, ನಿಜವಾದದ್ದನ್ನು ಬರೆಯಿರಿ, ಪದ ಅಂಟಿಕೊಳ್ಳುತ್ತದೆ. ಮುಕರ್ರಂ ಅದಕ್ಕೆಂದೇ ಗೆರೆ ಹಾಕಿದ ದಪ್ಪ ಬರೆಯುವ ಪುಸ್ತಕ ತಂದಿದ್ದಳು. ದಿನಕ್ಕೆ ಹತ್ತು ಪದ, ಹತ್ತು ವಾಕ್ಯ. ಸಂಜೆ ಅಂಗಳದ ದ್ರಾಕ್ಷಿ ಚಪ್ಪರದ ಕೆಳಗೆ, ಮರದ ಅಗಲ ಮಂಚದ ಮೇಲೆ ಕೂತು ಅವನ್ನು ಸೊಸೆಗೆ ತೋರಿಸುತ್ತಿದ್ದಳು.

ಸೊಸೆ ದುರ್ದೋನಾ ಬಂದು ಒಂದೂವರೆ ವರ್ಷವಾಗಿತ್ತು. ಮಗ ಜಸುರ್ ಕಾರ್ಖಾನೆಯಲ್ಲಿ ಪಾಳಿ ಕೆಲಸದವನು, ಮನೆಯಲ್ಲಿದ್ದರೆ ಮಲಗಿರುತ್ತಿದ್ದ, ಹಾಗಾಗಿ ಮನೆಯೆಂದರೆ ಹೆಚ್ಚಾಗಿ ಇವರಿಬ್ಬರೇ. ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಓದಿದ ಹುಡುಗಿ. ಮುಕರ್ರಂ ಯಾವ ಕಾಗದಕ್ಕಾಗಿ ಒದ್ದಾಡುತ್ತಿದ್ದಳೋ ಆ ಕಾಗದವನ್ನು ಅವಳು ಮದುವೆಗೆ ಮೊದಲೇ ಒಂದೇ ಸಲಕ್ಕೆ ಗಿಟ್ಟಿಸಿದ್ದಳು. ಈಗ ಅದು ಅವಳು ತವರಿನಿಂದ ತಂದ ಪೆಟ್ಟಿಗೆಯಲ್ಲಿ, ಹತ್ತಿಯ ರಜಾಯಿಗಳ ಅಡಿಯಲ್ಲಿ ಇತ್ತು. ಮೃದು ಮಾತು, ತಗ್ಗಿದ ಕಣ್ಣು. ಹೆತ್ತವಳನ್ನು ಕರೆದಂತೆಯೇ ಅತ್ತೆಯನ್ನೂ ಒಯಿಜಾನ್ ಎನ್ನುತ್ತಿದ್ದಳು. ಎರಡೂ ಕೈಯಲ್ಲಿ ಪುಸ್ತಕ ಹಿಡಿದು ಹತ್ತೂ ವಾಕ್ಯ ಓದಿ, ಪ್ರತಿಯೊಂದರ ಪಕ್ಕ ಪೆನ್ಸಿಲಿನಲ್ಲಿ ಸಣ್ಣ ಗುರುತು ಹಾಕಿ ಹಿಂತಿರುಗಿಸುತ್ತಿದ್ದಳು.

‘ಸರಿಯಾಗಿದೆ, ಒಯಿಜಾನ್.’

‘ಎಲ್ಲವೂ?’

‘ಎಲ್ಲವೂ, ಒಯಿಜಾನ್.’

ಮುಕರ್ರಂಗೆ ಅದೊಂದೇ ಸಮಾಧಾನ. ಪದ ನಿಲ್ಲದಿದ್ದರೂ, ನಿಂತಷ್ಟಾದರೂ ಸರಿಯಾಗಿ ನಿಂತಿದೆ ಅಂದುಕೊಂಡಿದ್ದಳು.

ಏಪ್ರಿಲ್ ಕೊನೆಯ ವಾರ ಶಾಲೆಯಲ್ಲಿ ಅವಳ ತೆರೆದ ಪಾಠ ಇತ್ತು. ಹೊರಗಿನವರು ಬಂದು ಹಿಂದಿನ ಬೆಂಚುಗಳಲ್ಲಿ ಕೂತು ನೋಡುವ ಪಾಠ. ಬೇರೆ ಶಾಲೆಗಳಿಂದ ಆರು ಜನ ಶಿಕ್ಷಕಿಯರು, ಫರ್ಗಾನಾದಿಂದ ಒಬ್ಬಳು ಪರಿವೀಕ್ಷಕಿ, ಎಲ್ಲರೂ ದುರ್ದೋನಾಳ ವಯಸ್ಸಿನವರು. ಮುಕರ್ರಂ ಎರಡು ವಾರ ತಯಾರಿ ಮಾಡಿದ್ದಳು. ಅಟ್ಲಾಸ್ ರೇಷ್ಮೆಯ ಹೊಸ ಅಂಗಿ ತೊಟ್ಟಿದ್ದಳು. ಪಾಠ ಚೆನ್ನಾಗಿಯೇ ಹೋಯಿತು. ಕೊನೆಗೆ ಝೇಬೊ ಎಂಬ ಹುಡುಗಿ ಎದ್ದು ತನ್ನ ಅಜ್ಜನ ಬಗ್ಗೆ ತಾನೇ ಇಂಗ್ಲಿಷಿನಲ್ಲಿ ಬರೆದದ್ದನ್ನು ಓದಿದಳು. ಕಣ್ಣು ಕಾಣದ ಅಜ್ಜ ಮಗ್ಗದ ಸದ್ದು ಕೇಳಿಯೇ ಯಾವ ಎಳೆ ತುಂಡಾಯಿತೆಂದು ಹೇಳುತ್ತಿದ್ದನಂತೆ. ತರಗತಿ ಉಸಿರು ಹಿಡಿದು ಕೇಳಿತು. ಮುಕರ್ರಂಳ ಕಣ್ಣು ಒದ್ದೆಯಾಯಿತು. ಹತ್ತು ದಿನದ ಹಿಂದಷ್ಟೇ ಕಲಿತ ಪದ, ಯಾವತ್ತೂ ಬೇಕೆಂದಾಗ ಬಾರದಿದ್ದ ಪದ, ಆ ಹೊತ್ತಿಗೆ ತಾನಾಗಿ ನಾಲಗೆಗೆ ಬಂತು.

‘ಝೇಬೊ,’ ಎಂದಳು ಇಂಗ್ಲಿಷಿನಲ್ಲಿ, ಎದೆಯ ಮೇಲೆ ಕೈಯಿಟ್ಟು. ‘ನೀನು ಬರೆದದ್ದು ನಿಜಕ್ಕೂ ಪೆಥೆಟಿಕ್ ಆಗಿದೆ. ನಿನಗೆ ಧನ್ಯವಾದ.’

ಹಿಂದಿನ ಬೆಂಚಿನಲ್ಲಿ ಯಾರೋ ಕೆಮ್ಮಿದರು. ಅದು ಕೆಮ್ಮಲ್ಲ, ನುಂಗಿದ ನಗು ಎಂದು ಗೊತ್ತಾಗುವಷ್ಟರಲ್ಲಿ ಇನ್ನೊಬ್ಬಳು ಬಾಯಿಗೆ ಕರವಸ್ತ್ರ ಒತ್ತಿಕೊಂಡಿದ್ದಳು. ಝೇಬೊಳ ಮುಖ ಕೆಂಪಾಯಿತು. ಫೋನಿನಲ್ಲಿ ವಿದೇಶಿ ಸಿನಿಮಾ ನೋಡಿ ಬೆಳೆದ ಮಕ್ಕಳಿಗೆ ಆ ಪದ ಗೊತ್ತಿತ್ತು. ಹುಡುಗಿ ಹಾಳೆಯನ್ನು ನಾಲ್ಕಾಗಿ ಮಡಚಿ ಕೂತಳು.

ಪಾಠ ಮುಗಿದ ಮೇಲೆ ಪರಿವೀಕ್ಷಕಿ ಅವಳನ್ನು ಕಿಟಕಿಯ ಹತ್ತಿರ ಕರೆದು, ಅಕ್ಕ ಎನ್ನುವಂತೆ ಓಪಾ ಎನ್ನುತ್ತ, ಧ್ವನಿ ತಗ್ಗಿಸಿ ಹೇಳಿದಳು. ‘ಓಪಾ, ಬೇಜಾರು ಮಾಡ್ಕೋಬೇಡಿ. ಪೆಥೆಟಿಕ್ ಅಂದ್ರೆ ಈಗ ಯಾರೂ ಮನ ಕರಗಿಸೋದು ಅನ್ನೋ ಅರ್ಥದಲ್ಲಿ ಹೇಳಲ್ಲ. ಅಯ್ಯೋ ಪಾಪ, ಯಾವ ಕೆಲಸಕ್ಕೂ ಬಾರದ್ದು ಅಂತ. ಬೈಗುಳದ ಹಾಗೆ.’

‘ಪುಸ್ತಕದಲ್ಲಿ ಮರುಕ ಹುಟ್ಟಿಸುವಂಥದ್ದು ಅಂತಿದೆ.’

‘ಇದೆ, ಓಪಾ. ಆದ್ರೆ ಅದರ ಕೆಳಗೆ ಎರಡನೇ ಅರ್ಥ ಇರುತ್ತಲ್ಲ, ಅದೇ ಈಗ ಓಡಾಡೋದು. ನಿಮಗೆ ರಷ್ಯನ್ ಚೆನ್ನಾಗಿ ಬರುತ್ತೆ ಅನ್ಸುತ್ತೆ. ನಮ್ಮಮ್ಮನೂ ಹೀಗೇ ಹೇಳ್ತಿದ್ರು.’

ಹೌದು, ರಷ್ಯನ್ನಿನ ಮಾತೇ ಅವಳ ಕೈ ಹಿಡಿದು ಹಳ್ಳಕ್ಕೆ ಎಳೆದಿತ್ತು. ಅಲ್ಲಿ ಅದೇ ಸದ್ದಿನ ಪದಕ್ಕೆ ಎದೆ ತುಂಬಿ ಆಡಿದ್ದು ಎಂದರ್ಥ. ಮುಕರ್ರಂಳ ತಲೆಮಾರಿನವರೆಲ್ಲ ಇಂಗ್ಲಿಷಿಗೆ ಆ ಬಾಗಿಲಿನಿಂದಲೇ ಬಂದವರು. ಆದರೆ ಬಸ್ಸಿನಲ್ಲಿ ಮನೆಗೆ ಬರುವಾಗ ಅವಳ ತಲೆಯಲ್ಲಿ ರಷ್ಯನ್ನೂ ಇರಲಿಲ್ಲ, ಪುಸ್ತಕವೂ ಇರಲಿಲ್ಲ. ಆ ಪದದ ವಾಕ್ಯದ ಪಕ್ಕ ಪೆನ್ಸಿಲಿನ ಗುರುತು ಇತ್ತಲ್ಲ, ಅದೊಂದೇ ಕುಟ್ಟುತ್ತಿತ್ತು.

ದುರ್ದೋನಾ ಮಂಚದ ಮೇಲೆ ಹಲಗೆ ಇಟ್ಟುಕೊಂಡು ಪಲಾವಿಗೆ ಗಜ್ಜರಿ ಸೀಳುತ್ತಿದ್ದಳು. ಮುಕರ್ರಂ ಚಪ್ಪಲಿಯನ್ನೂ ಬಿಡದೆ ತನ್ನ ವಾಕ್ಯಗಳ ಪುಸ್ತಕ ತೆರೆದು ಅವಳ ಮುಂದಿಟ್ಟಳು.

‘ಇದನ್ನ ಓದು.’

ಹುಡುಗಿ ಓದಿದಳು. ‘ನಿವೃತ್ತರಾದ ದಿನ ನಮ್ಮ ಹಳೆಯ ಮೇಷ್ಟ್ರು ಪೆಥೆಟಿಕ್ ಭಾಷಣ ಮಾಡಿದರು, ನಾವೆಲ್ಲ ಅತ್ತೆವು.’ ಅವಳ ಕೈಯಲ್ಲಿದ್ದ ಚಾಕು ನಿಂತಿತು.

‘ಸರಿಯಾಗಿದ್ಯಾ?’

ದುರ್ದೋನಾ ಚಾಕುವನ್ನು ಹಲಗೆಯ ಮೇಲಿಟ್ಟಳು.

‘ನಿನಗೆ ಗೊತ್ತಿತ್ತು.’

‘ಗೊತ್ತಿತ್ತು, ಒಯಿಜಾನ್.’

‘ಗೊತ್ತಿದ್ದೂ ಗುರುತು ಹಾಕಿ ಕೊಟ್ಟೆ. ಇವತ್ತು ಆರು ಜನ ಹುಡುಗೀರ ಮುಂದೆ ನನ್ನ ಮಾನ ಹೋಯ್ತು. ಆ ಝೇಬೊ ಮುಖ ನೋಡಬೇಕಿತ್ತು ನೀನು. ಮಗು ಅಜ್ಜನ ಬಗ್ಗೆ ಬರೆದಿದ್ದನ್ನ ನಾನು ಕಸ ಅಂದೆ.’

ದುರ್ದೋನಾಳ ಕಣ್ಣು ತುಂಬಿತು. ‘ನಿಮಗೆ ತಪ್ಪು ಅಂತ ಹೇಗೆ ಹೇಳ್ಲಿ, ಒಯಿಜಾನ್? ನಾಲಗೆ ಏಳಲ್ಲ. ಅಂದಿಶಾ ಅಡ್ಡ ಬರುತ್ತೆ.’

ಅಂದಿಶಾ. ಆ ಪದಕ್ಕೆ ಮುಕರ್ರಂ ಯಾವತ್ತೂ ಇಂಗ್ಲಿಷ್ ಹುಡುಕಿರಲಿಲ್ಲ, ಹುಡುಕಿದ್ದರೂ ಸಿಗುತ್ತಿರಲಿಲ್ಲ. ಎದುರಿನವರ ಮುಖ ಬಾಡಬಾರದೆಂದು ಹೇಳಬೇಕಾದದ್ದನ್ನು ಗಂಟಲಲ್ಲೇ ಇಳಿಸಿಕೊಳ್ಳುವುದು. ಸೊಸೆ ನೋಡಲು ಹೋದಾಗ ಅವಳು ಮೊದಲು ಹುಡುಕಿದ್ದು ಅದನ್ನೇ. ಬಂದ ನೆಂಟರಿಗೆಲ್ಲ ಹೆಮ್ಮೆಯಿಂದ ಹೇಳಿದ್ದೂ ಅದನ್ನೇ: ನಮ್ಮ ಹುಡುಗಿ ಓದಿದವಳು, ಆದ್ರೂ ಅಂದಿಶಾ ಇದೆ.

‘ಇದರಲ್ಲಿ ಎಷ್ಟು ತಪ್ಪಿದೆ?’ ಅವಳು ಪುಸ್ತಕದ ಹಾಳೆಗಳನ್ನು ಹೆಬ್ಬೆರಳಿನಿಂದ ಸರ್ರನೆ ಬಿಟ್ಟಳು. ‘ಹತ್ತಾ?’

ದುರ್ದೋನಾ ಸೀಳಿದ ಗಜ್ಜರಿಯನ್ನು ಹಲಗೆಯ ಒಂದು ಬದಿಗೆ ಸರಿಸಿದಳು.

‘ಇಪ್ಪತ್ತು?’

‘ಪೂರ್ತಿ ಎಣಿಸಿಲ್ಲ, ಒಯಿಜಾನ್.’

ಮುಕರ್ರಂ ಧೊಪ್ಪನೆ ಕೂತಳು. ನಗು ಬರಬೇಕಾದ ಜಾಗದಲ್ಲಿ ಸಿಟ್ಟು ಬಂತು. ಸಿಟ್ಟು ಸೊಸೆಯ ಮೇಲೋ, ಸೊಸೆಯನ್ನು ಹೀಗೆ ಬೆಳೆಸಿ ಕಳಿಸಿದವಳ ಮೇಲೋ, ಹೀಗೇ ಬೇಕೆಂದು ಹುಡುಕಿ ತಂದ ತನ್ನ ಮೇಲೋ ತಿಳಿಯಲಿಲ್ಲ. ಪರೀಕ್ಷೆಗೆ ಏಳು ವಾರ ಇತ್ತು.

‘ಹೇಳು ಈಗ. ಈ ವಾಕ್ಯ ನೋಡು. ತಪ್ಪು ಅನ್ನು.’

ದುರ್ದೋನಾ ನೋಡಿದಳು. ‘ಇದು... ಇನ್ನೂ ಸ್ವಲ್ಪ ಚೆನ್ನಾಗಿರಬಹುದಿತ್ತೇನೋ, ಒಯಿಜಾನ್.’

‘ಅದು ತಪ್ಪು ಅನ್ನೋ ರೀತಿ ಅಲ್ಲ. ಹೆಣ್ಣು ನೋಡೋಕೆ ಬಂದೋರು, ಮನೇಲಿ ಕೇಳಿ ಹೇಳ್ತೀವಿ ಅಂತ ಹೋಗೋ ರೀತಿ. ತಪ್ಪು ಅನ್ನು.’

‘ತ...’ ಅಂದಳು ಹುಡುಗಿ. ಅಷ್ಟಕ್ಕೇ ಅವಳ ಕಿವಿ ಕೆಂಪಾಯಿತು. ಬೇರೇನಾದರೂ ಮಾಡಲು ಸಿಕ್ಕರೆ ಸಾಕೆಂಬಂತೆ ಚಹಾದ ಕುಡಿಕೆ ಎತ್ತಿ ಅತ್ತೆಯ ಬಟ್ಟಲಿಗೆ ಬಗ್ಗಿಸಿದಳು. ಕೈ ತಡೆಯುವಷ್ಟರಲ್ಲಿ ಚಹಾ ಅಂಚಿನವರೆಗೆ ತುಂಬಿಬಿಟ್ಟಿತು.

ಇಬ್ಬರೂ ಬಟ್ಟಲನ್ನೇ ನೋಡಿದರು. ಅರ್ಧಕ್ಕಿಂತ ಕಡಿಮೆ ಸುರಿದು ಮತ್ತೆ ಮತ್ತೆ ಕೊಡುವುದು ಮರ್ಯಾದೆ. ಅಂಚಿನವರೆಗೆ ತುಂಬಿಸಿ ಕೊಟ್ಟರೆ ‘ಕುಡಿದು ಎದ್ದು ಹೊರಡಿ’ ಎಂದ ಹಾಗೆ. ಯಾವ ಮನೆಯ ಸೊಸೆಯೂ ಅತ್ತೆಗೆ ಹಾಗೆ ಕೊಡುವುದಿಲ್ಲ.

‘ಕ್ಷಮಿಸಿ ಒಯಿಜಾನ್, ಕೈ...’

‘ಇರಲಿ ಬಿಡು,’ ಎಂದಳು ಮುಕರ್ರಂ ನಿಧಾನವಾಗಿ. ‘ಬಾಯಲ್ಲಿ ಆಗದಿದ್ರೆ ಹೀಗೇ ಹೇಳು. ವಾಕ್ಯ ಸರಿ ಇದ್ರೆ ಅರ್ಧ ಬಟ್ಟಲು. ತಪ್ಪಿದ್ರೆ ಪೂರ್ತಿ ತುಂಬಿಸು.’

ಅಂದಿನಿಂದ ಹಾಗೇ ನಡೆಯಿತು. ಮೊದಲ ಸಂಜೆ ಹತ್ತು ವಾಕ್ಯಕ್ಕೆ ಏಳು ತುಂಬಿದ ಬಟ್ಟಲು. ಮುಕರ್ರಂ ಬೆರಳು ಸುಟ್ಟುಕೊಂಡು, ಹೊಟ್ಟೆ ಡೊಳ್ಳಾಗಿ, ಹಲ್ಲು ಕಚ್ಚಿಕೊಂಡು ತಿದ್ದಿದಳು. ‘ನನ್ನ ಸೊಸೆ ಬಹಳ ಆಕ್ಯುರೇಟ್, ಅವಳ ಅಡುಗೆಮನೆಯಲ್ಲಿ ಒಂದು ಕಸವೂ ಇರುವುದಿಲ್ಲ’ ಎಂದು ಬರೆದಿದ್ದಳು. ತುಂಬಿದ ಬಟ್ಟಲು ಬಂತು.

‘ಇದರಲ್ಲಿ ಏನಾಯ್ತು? ಅಚ್ಚುಕಟ್ಟು ಅಂತ ತಾನೇ?’

‘ಅಚ್ಚುಕಟ್ಟು ರಷ್ಯನ್ನಿನಲ್ಲಿ, ಒಯಿಜಾನ್. ಇಂಗ್ಲಿಷಲ್ಲಿ ಲೆಕ್ಕ ತಪ್ಪದವಳು, ಗುರಿ ತಪ್ಪದವಳು ಅಂತ ಆಗುತ್ತೆ. ತಕ್ಕಡಿ ಆಕ್ಯುರೇಟ್ ಆಗಿರಬಹುದು.’

‘ಅಂದ್ರೆ ನಾನು ನಿನ್ನ ತಕ್ಕಡಿ ಅಂದ ಹಾಗಾಯ್ತು.’

‘ಹೌದು,’ ಎಂದು ಹುಡುಗಿ ಮೊದಲ ಸಲ ನಕ್ಕಳು. ಹಲ್ಲು ಕಾಣುವ ಹಾಗೆ. ಈ ಮನೆಗೆ ಬಂದ ಮೇಲೆ ಅವಳು ಹಾಗೆ ನಕ್ಕದ್ದು ಮುಕರ್ರಂಗೆ ನೆನಪಿರಲಿಲ್ಲ.

ತೋಹಿರ್ ಹಕ್ಕಿಗೆ ಕಾಳು ಹಾಕುತ್ತ ನೋಡುತ್ತಿದ್ದ. ‘ನಮ್ಮ ಮನೇಲಿ ದಿನಾ ನನ್ನ ಹೆಂಡ್ತಿಗೆ ಏಳೆಂಟು ಸಲ ಎದ್ದು ಹೋಗಿ ಅಂತ ಹೇಳ್ತಾರೆ. ಅವಳು ಮಾತ್ರ ಏಳ್ತಾನೇ ಇಲ್ಲ,’ ಎಂದು ಓಣಿಯವರಿಗೆಲ್ಲ ಹೇಳಿಕೊಂಡು ಬಂದ.

ಮೇ ಕೊನೆಗೆ ತುಂಬಿದ ಬಟ್ಟಲು ನಾಲ್ಕಕ್ಕೆ, ಮೂರಕ್ಕೆ ಇಳಿಯಿತು. ಪದಗಳು ಒಂದಿಷ್ಟು ನಿಲ್ಲತೊಡಗಿದವು. ಆದರೂ ಮುಕರ್ರಂಗೆ ರೇಗುವುದು ಕಡಿಮೆಯಾಗಲಿಲ್ಲ. ಒಂದು ಪದ ಹಿಡಿದರೆ ಅದರ ಅಕ್ಕತಂಗಿಯರು ನಾಲ್ಕು ಜನ ಬಂದು ನಿಲ್ಲುತ್ತಿದ್ದರು. ಎಲ್ಲರ ಮುಖವೂ ಒಂದೇ, ಸ್ವಭಾವ ಮಾತ್ರ ಬೇರೆ. ಯಾರನ್ನು ಯಾವ ಮನೆಗೆ ಕಳಿಸಬೇಕೋ ಪುಸ್ತಕ ಹೇಳುತ್ತಿರಲಿಲ್ಲ. ನಲವತ್ತೆಂಟು ವರ್ಷದ ತನ್ನ ತಲೆ ಹಳೆಯ ಜರಡಿಯಂತೆ ಅನಿಸುತ್ತಿತ್ತು. ಎದುರಿಗೆ ಕೂತ ಇಪ್ಪತ್ನಾಲ್ಕರ ಹುಡುಗಿಗೆ ಅದೆಲ್ಲ ಉಸಿರಾಡಿದಷ್ಟು ಸುಲಭವಾಗಿತ್ತು. ಅಷ್ಟೆಲ್ಲ ತಿಳಿದ ಹುಡುಗಿ ಬೆಳಗಿನಿಂದ ಅಂಗಳ ಗುಡಿಸಿ, ಹಿಟ್ಟು ನಾದಿ, ಮಾವನ ಅಂಗಿ ಇಸ್ತ್ರಿ ಮಾಡಿ ಬಂದು ಕೂತಿರುತ್ತಿದ್ದಳು. ಅದು ಮುಕರ್ರಂಳ ಕಣ್ಣಿಗೆ ಬೀಳುತ್ತಿತ್ತು. ಬಿದ್ದದ್ದನ್ನು ಅವಳು ಎತ್ತಿಕೊಳ್ಳುತ್ತಿರಲಿಲ್ಲ.

ಜೂನ್ ಮೊದಲ ವಾರ ಒಂದು ಸಂಜೆ ರಿಲಕ್ಟಂಟ್ ಎಂಬ ಪದ ಬಂತು. ‘ಮನಸ್ಸಿಲ್ಲದ, ಹಿಂದೇಟು ಹಾಕುವ’ ಎಂದು ಅರ್ಥ ಕೊಟ್ಟಿದ್ದರು. ಉದಾಹರಣೆಯಲ್ಲಿ ಯಾವನೋ ಸಾಕ್ಷಿ ನ್ಯಾಯಾಲಯದಲ್ಲಿ ಮಾತಾಡಲು ಹಿಂದೇಟು ಹಾಕುತ್ತಿದ್ದ. ಮುಕರ್ರಂ ಸಾಕ್ಷಿಯನ್ನು ಬಿಟ್ಟು ತನ್ನ ಮನೆಯ ವಾಕ್ಯ ಬರೆದಳು. ಹೆಚ್ಚು ಯೋಚಿಸಲಿಲ್ಲ. ತೀರಾ ಹತ್ತಿರದಲ್ಲೇ ಇದ್ದ ನಿಜ ಅದು: ‘ನನ್ನ ಸೊಸೆ ಹೊರಗೆ ಹೋಗಿ ಕೆಲಸ ಮಾಡಲು ರಿಲಕ್ಟಂಟ್.’

ದುರ್ದೋನಾ ಓದಿದಳು. ಕುಡಿಕೆ ಎತ್ತಿದಳು. ಸುರಿದಳು. ಅರ್ಧ ದಾಟಿತು, ಮುಕ್ಕಾಲು ದಾಟಿತು, ಅಂಚು ಮುಟ್ಟಿತು. ಎರಡೂ ಕೈಯಲ್ಲಿ ಹಿಡಿದು ಅತ್ತೆಯ ಮುಂದಿಟ್ಟಳು. ಒಂದು ಹನಿಯೂ ಚೆಲ್ಲಲಿಲ್ಲ.

ಮುಕರ್ರಂ ಕನ್ನಡಕ ಸರಿಪಡಿಸಿಕೊಂಡು ವಾಕ್ಯ ನೋಡಿದಳು. ಕಾಗುಣಿತ ಸರಿ. ಕ್ರಿಯಾಪದ ಸರಿ. ಮಧ್ಯದ ಸಣ್ಣ ಪದಗಳೂ ಇರಬೇಕಾದಲ್ಲೇ ಇದ್ದವು.

‘ವ್ಯಾಕರಣ ಎಲ್ಲಿ ತಪ್ಪಿದೆ?’

‘ವ್ಯಾಕರಣ ಸರಿಯಾಗಿದೆ, ಒಯಿಜಾನ್.’

‘ಪದ ಬೇರೆ ಬೇಕಿತ್ತಾ?’

‘ಪದ ಇದೇ.’

‘ಮತ್ತೆ?’

ದುರ್ದೋನಾ ತಲೆ ತಗ್ಗಿಸಿಯೇ ಇದ್ದಳು. ಆದರೆ ಬಟ್ಟಲನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಹಿಂದಿನ ವರ್ಷ, ಮದುವೆಯಾಗಿ ಆರು ತಿಂಗಳಾದಾಗ, ಹುರ್ರಿಯತ್ ಶಾಲೆಯ ಹಜಾರದಲ್ಲಿ ಮುಕರ್ರಂಳನ್ನು ನಿಲ್ಲಿಸಿ ಕೇಳಿದ್ದರು: ನಿನ್ನ ಸೊಸೆಯನ್ನ ನಮ್ಮಲ್ಲಿಗೆ ಕಳಿಸ್ತೀಯಾ? ಮುಕರ್ರಂ ನಿಂತ ನಿಲುವಿನಲ್ಲೇ ಉತ್ತರ ಕೊಟ್ಟಿದ್ದಳು: ‘ಅವಳಿಗೆ ಮನಸ್ಸಿಲ್ಲ. ಮನೇಲೇ ಇರ್ತೀನಿ ಅಂತಾಳೆ.’ ಮನೆಗೆ ಬಂದು ಸೊಸೆಗೆ ಆ ಮಾತು ಹೇಳಿರಲೇ ಇಲ್ಲ. ಹೇಳಬೇಕು ಅನಿಸಿರಲಿಲ್ಲ ಎನ್ನುವುದು ನಿಜವಲ್ಲ. ಇವತ್ತು ಬೇಡ, ನಾಳೆ ಎಂದುಕೊಂಡಿದ್ದಳು. ಆಮೇಲೆ ತಾನು ಹೇಳಿದ್ದನ್ನು ತಾನೇ ನಂಬಿದ್ದಳು. ಸೊಸೆ ಹೇಗೋ ತಿಳಿದುಕೊಂಡಿದ್ದಳೋ ಏನೋ, ಶಾಲೆಯ ಮಾತು ಬಂದಾಗ ಎದ್ದು ಒಳಗೆ ಹೋಗುತ್ತಿದ್ದಳು. ಅದನ್ನೂ ಮುಕರ್ರಂ ಮನಸ್ಸಿಲ್ಲದ್ದಕ್ಕೆ ಸಾಕ್ಷಿ ಎಂದೇ ಎಣಿಸಿದ್ದಳು.

‘ನೀನು ಕೇಳಲೇ ಇಲ್ಲವಲ್ಲ,’ ಎಂದಳು ಈಗ. ಧ್ವನಿ ತಾನು ಬಯಸಿದ್ದಕ್ಕಿಂತ ಗಡುಸಾಗಿತ್ತು.

‘ಹೌದು, ಒಯಿಜಾನ್. ಕೇಳಲಿಲ್ಲ.’

ಮುಕರ್ರಂ ಪುಸ್ತಕ ಮುಚ್ಚಿ ಎದ್ದು ಹೋದಳು. ಚಹಾ ಹಾಗೇ ಆರಿತು.

ಎರಡು ದಿನ ಪಾಠ ನಡೆಯಲಿಲ್ಲ. ಮುಕರ್ರಂ ಬಟ್ಟೆ ಒಗೆದಳು, ಒಗೆದದ್ದನ್ನೇ ಮತ್ತೆ ಒಗೆದಳು. ನಾನೇನು ಅವಳನ್ನು ಕಟ್ಟಿಹಾಕಿದ್ದೆನಾ ಎಂದು ಬಕೆಟ್ಟಿನೊಡನೆ ವಾದ ಮಾಡಿದಳು. ದೊಡ್ಡ ಕೋಣೆ ಕೊಟ್ಟೆ. ಒಂದು ಒರಟು ಮಾತಾಡಲಿಲ್ಲ. ನನ್ನ ಅತ್ತೆ ನನ್ನನ್ನು ಶಾಲೆಗೆ ಕಳಿಸಿದ್ದು ಮೂರು ವರ್ಷದ ಮೇಲೆ, ಅದೂ ಸಾಯುವವರೆಗೆ ಎತ್ತಿ ಆಡುತ್ತ. ಹಾಗಂತ ನಾನು ಅಂದೆನಾ? ಹಿಂಡಿದ ಬಟ್ಟೆ ಕೈಯಲ್ಲಿ ಹಿಡಿದು ನಿಂತಾಗ ಇನ್ನೊಂದು ಯೋಚನೆಯೂ ಬಂತು, ಅದನ್ನು ತಳ್ಳಿದಷ್ಟೂ ಅದು ಕಾಲಿಗೆ ತೊಡರಿತು. ಹುರ್ರಿಯತ್‌ಗೆ ಬೇಕಿರುವ ಕಾಗದ ಈ ಮನೆಯಲ್ಲೇ ಇದೆ. ರಜಾಯಿಗಳ ಕೆಳಗಿನ ಆ ಕಾಗದ ಹೊರಗೆ ಬಂದರೆ ಹನ್ನೊಂದನೇ ತರಗತಿ ಯಾರದ್ದಾಗುತ್ತದೆ ಎನ್ನುವುದು ಹಜಾರದಲ್ಲಿ ನಿಂತಾಗಲೇ ಅವಳಿಗೆ ಗೊತ್ತಿತ್ತು. ಅಲ್ಲಿಯವರೆಗೆ ಅದನ್ನು ತನಗೆ ತಾನೇ ಹೇಳಿಕೊಂಡಿರಲಿಲ್ಲ, ಅಷ್ಟೇ. ತನ್ನೊಳಗಿನದ್ದಕ್ಕೂ ಅವಳು ಅಂದಿಶಾ ತೋರಿಸಿದ್ದಳು.

ಮೂರನೇ ಸಂಜೆ ಅವಳೇ ಮಂಚದ ಮೇಲೆ ಬಂದು ಕೂತಳು. ಪರೀಕ್ಷೆಗೆ ಹನ್ನೆರಡು ದಿನ ಉಳಿದಿತ್ತು, ತಪ್ಪು ತೋರಿಸಲು ಬೇರೆ ಯಾರೂ ಇರಲಿಲ್ಲ. ದುರ್ದೋನಾ ಕುಡಿಕೆ ತಂದಳು. ಇಬ್ಬರೂ ಆ ವಾಕ್ಯವನ್ನು ದಾಟಿ ಮುಂದಿನ ಪುಟಕ್ಕೆ ಹೋದರು. ಆದರೆ ಏನೋ ಬದಲಾಗಿತ್ತು. ನಾಲ್ಕನೇ ವಾಕ್ಯದ ಹತ್ತಿರ ಹುಡುಗಿ ಕುಡಿಕೆ ಮುಟ್ಟಲೇ ಇಲ್ಲ. ‘ಇದು ತಪ್ಪು, ಒಯಿಜಾನ್,’ ಎಂದಳು. ಹೇಳಿದ ಮೇಲೆ ಕಿವಿ ಕೆಂಪಾಗಲಿಲ್ಲ. ಕೇಳಬೇಕೆಂದು ಅಷ್ಟು ಹಂಬಲಿಸಿದ್ದ ಆ ಮಾತು ಬಂದಾಗ ಮುಕರ್ರಂಗೆ ಕಪಾಳಕ್ಕೆ ಬಿದ್ದ ಹಾಗಾಯಿತು.

ಪರೀಕ್ಷೆ ಫರ್ಗಾನಾದಲ್ಲಿ, ಫ್ಯಾನು ತಿರುಗದ ಕೋಣೆಯಲ್ಲಿ ನಡೆಯಿತು. ಬರೆಯುವುದು ಚೆನ್ನಾಗಿ ಹೋಯಿತು. ಪದಗಳ ಭಾಗದಲ್ಲಿ ನಾಲ್ಕು ಅಕ್ಕತಂಗಿಯರಲ್ಲಿ ಒಬ್ಬಳನ್ನು ಆರಿಸುವ ಪ್ರಶ್ನೆಗಳೇ ತುಂಬಿದ್ದವು. ಒಂದೊಂದರ ಮುಂದೂ ಅವಳು ಸೊಸೆಯ ಕೈಯನ್ನು, ಕುಡಿಕೆ ಎಷ್ಟು ಬಗ್ಗುತ್ತದೆ ಎನ್ನುವುದನ್ನು ಕಲ್ಪಿಸಿಕೊಂಡು ಗುರುತು ಹಾಕಿದಳು. ಕೊನೆಯ ಹದಿನೈದು ಪ್ರಶ್ನೆಗೆ ಬರುವಷ್ಟರಲ್ಲಿ ಸಮಯ ಮುಗಿಯುತ್ತ ಬಂದಿತ್ತು. ಕಣ್ಣು ಮುಚ್ಚಿ ಹಾಕಿದ ಹಾಗೆ ಹಾಕಿ ಎದ್ದಳು.

ಫಲಿತಾಂಶ ಜುಲೈ ಕೊನೆಗೆ ಫೋನಿಗೆ ಬಂತು. ಎರಡು ಅಂಕ ಕಡಿಮೆ.

ತೋಹಿರ್ ತಮಾಷೆ ಮಾಡಲಿಲ್ಲ. ಕಲ್ಲಂಗಡಿ ತಂದು, ಕೊಯ್ದು, ಬೀಜ ತೆಗೆದು ಅವಳ ಮುಂದಿಟ್ಟ. ಅದರಿಂದ ಅವಳಿಗೆ ಇನ್ನಷ್ಟು ರೇಗಿತು.

‘ಎರಡೇ ಅಂಕ,’ ಎಂದಳು. ‘ಇಪ್ಪತ್ತಾಗಿದ್ರೆ ಅತ್ತು ಮಲಗಬಹುದಿತ್ತು. ಎರಡಕ್ಕೆ ಏನು ಮಾಡ್ಲಿ ನಾನು?’

‘ತಿನ್ನು,’ ಎಂದ ತೋಹಿರ್.

ಆಗಸ್ಟ್ ಮೂರನೇ ವಾರ ಹುರ್ರಿಯತ್ ಅವಳನ್ನು ಶಾಲೆಗೆ ಕರೆಸಿದರು. ಮೇಜಿನ ತುಂಬ ವೇಳಾಪಟ್ಟಿಯ ದೊಡ್ಡ ಹಾಳೆ, ಅದರ ಮೂಲೆಗೊಂದು ಅಂಜೂರದ ತಟ್ಟೆ. ಹತ್ತು ಮತ್ತು ಹನ್ನೊಂದರ ಇಂಗ್ಲಿಷಿನ ಚೌಕಗಳು ಖಾಲಿ ಇದ್ದವು.

‘ಮುಕರ್ರಂ, ನನ್ನ ಕೈಯಲ್ಲೇನೂ ಇಲ್ಲ,’ ಎಂದರು ಹುರ್ರಿಯತ್. ‘ನಿನಗೆ ಐದನೇ ಎ, ಐದನೇ ಬಿ, ಆರನೇದು ಬರೀತಿದ್ದೀನಿ. ಚಳಿಗಾಲದಲ್ಲಿ ಮತ್ತೆ ಪರೀಕ್ಷೆ ಬರೆ. ದೊಡ್ಡೋರಿಗೆ ಯಾರನ್ನ ಹಾಕಬೇಕೋ ಅದೇ ತಲೆನೋವು. ಕೋಕಂದ್‌ನಿಂದ ಒಬ್ಬ ಬರ್ತೀನಿ ಅಂದಿದ್ದಾನೆ, ವಾರಕ್ಕೆ ಎರಡು ದಿನ. ಪಾಠ ಮಾಡ್ತಾನೋ ಬಸ್ಸು ಕಾಯ್ತಾನೋ.’

ಸುಮ್ಮನಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಕೋಕಂದಿನವನು ಬರುತ್ತಿದ್ದ. ಚಳಿಗಾಲದಲ್ಲಿ ಆ ಎರಡು ಅಂಕ ಸಿಕ್ಕರೂ ಸಿಗಬಹುದು, ಚೌಕ ಅಲ್ಲಿಯವರೆಗೆ ಅವಳಿಗಾಗಿ ಕಾಯುತ್ತಿತ್ತು. ಬಸ್ಸು ಕಾಯುವವನ ಕೈಯಿಂದ ತರಗತಿ ವಾಪಸು ಪಡೆಯುವುದು ಸುಲಭ. ಮನೆಯವಳ ಕೈಯಿಂದ ಪಡೆಯುವುದು ಆಗದ ಮಾತು. ಮುಕರ್ರಂ ಒಂದು ಅಂಜೂರ ಎತ್ತಿಕೊಂಡು, ತಿನ್ನದೆ ಬೆರಳಲ್ಲಿ ತಿರುಗಿಸುತ್ತ ಕೂತಳು.

‘ಹುರ್ರಿಯತ್ ಓಪಾ,’ ಎಂದಳು ಕೊನೆಗೆ. ‘ಹೋದ ವರ್ಷ ನೀವು ನನ್ನ ಸೊಸೆಯನ್ನ ಕೇಳಿದ್ರಲ್ಲ.’

‘ಕೇಳಿದ್ದೆ. ಮನಸ್ಸಿಲ್ಲ ಅಂದೆ ನೀನು.’

‘ನಾನು ಹೇಳಿದ್ದು ತಪ್ಪು.’

ಹುರ್ರಿಯತ್ ಪೆನ್ನು ಕೆಳಗಿಟ್ಟರು. ‘ಅಂದ್ರೆ ಈಗ ಮನಸ್ಸಾಗಿದ್ಯಾ?’

‘ಆಗಲೂ ಇತ್ತು. ನಾನು ಅವಳನ್ನ ಕೇಳಿರಲಿಲ್ಲ.’

ಹುರ್ರಿಯತ್ ಅವಳನ್ನೇ ನೋಡಿದರು. ಅವರೂ ಇಬ್ಬರು ಸೊಸೆಯರ ಅತ್ತೆ. ಪೆನ್ನು ಮತ್ತೆ ಎತ್ತಿಕೊಂಡು ಹಾಳೆಯ ಮೇಲೆ ಬಾಗಿದರು. ‘ಪೂರ್ತಿ ಹೆಸರು ಹೇಳು. ಕಾಗದದಲ್ಲಿ ಹೇಗಿದ್ಯೋ ಹಾಗೆ.’

ಮುಕರ್ರಂ ಹೇಳಿದಳು. ಖಾಲಿ ಚೌಕಗಳು ಒಂದೊಂದಾಗಿ ತುಂಬುವುದನ್ನು ತಲೆಕೆಳಗಾದ ಅಕ್ಷರಗಳಲ್ಲಿ ಓದಿದಳು. ಮನಸ್ಸು ಹಗುರಾಗುತ್ತದೆ ಎಂದುಕೊಂಡಿದ್ದಳು. ಆಗಲಿಲ್ಲ. ಬೆರಳಿಗೆ ಅಂಜೂರದ ಹಾಲು ಮೆತ್ತಿಕೊಂಡಿತ್ತು, ಅದು ಬಸ್ಸಿನುದ್ದಕ್ಕೂ ಅಂಟಂಟಾಗಿ ಉಳಿಯಿತು.

ಮನೆಯಲ್ಲಿ ದುರ್ದೋನಾ ರೊಟ್ಟಿಯ ಹಿಟ್ಟು ನಾದುತ್ತಿದ್ದಳು. ತೋಹಿರ್ ಪಂಜರ ತೊಳೆಯುತ್ತಿದ್ದ.

‘ಎರಡನೇ ಸೆಪ್ಟೆಂಬರ್, ಬೆಳಿಗ್ಗೆ ಎಂಟು ಗಂಟೆ,’ ಎಂದಳು ಮುಕರ್ರಂ, ಮಂಚದ ಅಂಚಿಗೆ ಕೂತು ಚಪ್ಪಲಿ ಬಿಡುತ್ತ. ‘ಹತ್ತು, ಹನ್ನೊಂದು ನಿನ್ನದು. ಆ ಕಾಗದ ರಜಾಯಿ ಕೆಳಗಿಂದ ತೆಗೆದಿಡು. ಹುರ್ರಿಯತ್ ಓಪಾ ನೋಡಬೇಕಂತೆ.’

ಹುಡುಗಿಯ ಕೈ ಹಿಟ್ಟಿನಲ್ಲೇ ನಿಂತಿತು. ಬೇಡ ಒಯಿಜಾನ್, ಅದು ನಿಮ್ಮದು ಎನ್ನುತ್ತಾಳೆ ಎಂದು ಮುಕರ್ರಂ ಕಾದಳು. ಹಾಗೆಂದರೆ ಏನು ಬಯ್ಯಬೇಕೆಂದು ಬಸ್ಸಿನಲ್ಲೇ ಸಿದ್ಧ ಮಾಡಿಕೊಂಡಿದ್ದಳು. ದುರ್ದೋನಾ ಹಾಗೆನ್ನಲಿಲ್ಲ.

‘ಹೋಗ್ತೀನಿ, ಒಯಿಜಾನ್,’ ಎಂದಳು.

‘ಇಬ್ಬರೂ ಎಂಟು ಗಂಟೆಗೆ ಹೋದ್ರೆ ನನ್ನ ಚಹಾ ಯಾರು ಮಾಡ್ತಾರೆ?’ ಎಂದ ತೋಹಿರ್. ಇಬ್ಬರೂ ತಿರುಗಿ ನೋಡಿದ್ದಕ್ಕೆ ಅವನು ಪಂಜರದೊಳಗೆ ತಲೆ ಹಾಕಿದ.

ಹಿಟ್ಟಿನ ಮೇಲೆ ಬಟ್ಟೆ ಮುಚ್ಚಿ, ಕೈ ತೊಳೆದು ಬಂದು ದುರ್ದೋನಾ ಎದುರು ಕೂತಳು. ಅತ್ತೆಯ ವಾಕ್ಯಗಳ ಪುಸ್ತಕವನ್ನು ಹತ್ತಿರಕ್ಕೆ ಎಳೆದುಕೊಂಡು ಕೇಳಿದಳು. ‘ಹನ್ನೊಂದನೇ ತರಗತಿ ಮಕ್ಕಳು ಹೇಗಿದ್ದಾರೆ, ಒಯಿಜಾನ್?’

ಹೋಗಿ ನೀನೇ ನೋಡು ಎಂದು ಬಾಯಿಗೆ ಬಂತು. ಆ ಮಕ್ಕಳನ್ನು ಹತ್ತನೇ ತರಗತಿಯಲ್ಲಿ ವರ್ಷವಿಡೀ ಅವಳು ಬೆಳೆಸಿದ್ದಳು. ಯಾರಿಗೆ ಗದರಬೇಕು, ಯಾರಿಗೆ ಗದರಿದರೆ ಒಂದು ವಾರ ಮಾತು ನಿಲ್ಲುತ್ತದೆ ಎನ್ನುವುದು ಯಾವ ಪುಸ್ತಕದಲ್ಲೂ ಇರಲಿಲ್ಲ, ಅವಳ ತಲೆಯಲ್ಲಿ ಮಾತ್ರ ಇತ್ತು. ಅದನ್ನೂ ಕೊಡಬೇಕೇ?

‘ಬಾಗಿಲ ಪಕ್ಕದ ಸಾಲು ಪೂರ್ತಿ ಮಾತಿನವರು,’ ಎಂದಳು ಸಿಡುಕುತ್ತ. ‘ಮೊದಲ ಬೆಂಚಿನಲ್ಲಿ ಒಟಾಬೆಕ್. ಎಲ್ಲಾ ಗೊತ್ತು ಅಂತ ಕೈ ಎತ್ತುತ್ತಾನೆ, ಕೇಳಿದ್ರೆ ಏನೂ ಗೊತ್ತಿರಲ್ಲ. ಅವನನ್ನ ಕೂರಿಸಬೇಡ, ಹೇಳೋಕೆ ಬಿಡು. ಹೇಳ್ತಾ ಹೇಳ್ತಾ ಅವನೇ ತಿದ್ದಿಕೊಳ್ತಾನೆ. ಅವನ ಹಿಂದೆ ಇಬ್ಬರು ಹುಡುಗೀರು, ಒಬ್ಬಳಿಗೆ ಇನ್ನೊಬ್ಬಳು ಸೋದರತ್ತೆ ಮಗಳು. ಒಬ್ಬಳು ಬರೆದದ್ದನ್ನ ಇನ್ನೊಬ್ಬಳು ನೋಡಿ ಬರೀತಾಳೆ. ಯಾರು ಯಾರದ್ದನ್ನ ಅಂತ ನನಗೆ ಇವತ್ತಿಗೂ ಗೊತ್ತಾಗಿಲ್ಲ.’

ದುರ್ದೋನಾ ಪುಸ್ತಕದ ಕೊನೆಯ ಖಾಲಿ ಪುಟ ತೆರೆದು ಬರೆದುಕೊಳ್ಳತೊಡಗಿದ್ದಳು.

‘ಬರೀಬೇಡ,’ ಎಂದಳು ಮುಕರ್ರಂ. ‘ಕೇಳು ಸಾಕು. ಬರೆದಿದ್ದು ಎಲ್ಲಿ ನಿಲ್ಲುತ್ತೆ.’

ಪೆನ್ಸಿಲ್ ಕೆಳಗಿಟ್ಟು ಹುಡುಗಿ ಕೇಳಿದಳು. ಕಿಟಕಿಯ ಪಕ್ಕದ ಸಾಲಿಗೆ ಬರುವಾಗ ಮುಕರ್ರಂ ಬೆಂಚುಗಳನ್ನು ಬೆರಳಿನಿಂದ ಮಂಚದ ಮೇಲೆ ಗೀಚಿ ತೋರಿಸತೊಡಗಿದ್ದಳು. ಎಲ್ಲವನ್ನೂ ಕೊಟ್ಟುಬಿಡುತ್ತಿದ್ದೇನಲ್ಲ ಎಂದು ತನ್ನ ಮೇಲೇ ರೇಗಿಕೊಂಡು, ಮುಂದಿನ ಬೆಂಚಿನ ಹೆಸರು ಹೇಳಿದಳು.